ನೀಲಿಕಲ್ಲು ಹಗ್ಗ: ನಾಲ್ಕು ತಿಂಗಳಾಯ್ತು, ಅಳತೆ ತೆಗ್ದೆ

ನೀಲಿಕಲ್ಲು (ಬಂಡೆ, ಕಂಬಕ್ಕೆ ಅಂಟಿ ಬೆಳೆಯೋ ಚಿಪ್ಪಿನ ಜೀವಿ) ಬೆಳೆಸೋಕೆ ಡಿಸೆಂಬರ್ ಮೊದಲ ವಾರ ನೀರಿಗೆ ಇಳಿಸಿದ ಹಗ್ಗಗಳನ್ನ ನಿನ್ನೆ ಇಳಿತದ ಹೊತ್ತಿಗೆ ಎತ್ತಿ ನೋಡಿದ್ವಿ. ಹೊಸಬರಿಗೆ ಒಂದ್ಸಲ ಹೇಳ್ಬಿಡ್ತೀನಿ, ಬೀಜ (ಅಂದ್ರೆ ಮರಿಗಳು) ಎರಡು ಕಡೆದು, ಬೈಂದೂರು ಸೋಮೇಶ್ವರದ ಸಮುದ್ರದ ಬಂಡೆದು ಒಂದು (ಕೆಂಪು ದಾರ), ನಮ್ಮ ಹೊಳೆಯ ಹಳೇ ಜೆಟ್ಟಿ ಕಂಬದ್ದು ಇನ್ನೊಂದು (ಹಳದಿ ದಾರ). ಎರಡೂ 20 ಮಿ.ಮೀ. ಆಸುಪಾಸು, ಹತ್ತಿ ಸೊಳ್ಳೆಪರದೆ ಬಟ್ಟೆಲಿ ಹಗ್ಗಕ್ಕೆ ಸುತ್ತಿದ್ದು, ಅವು ನಾರು ಬಿಟ್ಟು ಹಗ್ಗ ಹಿಡ್ಕೊಳ್ಳೋ ಹೊತ್ತಿಗೆ ಬಟ್ಟೆ ಕೊಳೆತು ಹೋಗತ್ತೆ. ಗಂಗೊಳ್ಳಿ ಅಳಿವೆ ಹತ್ರ ಎರಡು ಹಗ್ಗ, ಪಂಚಗಂಗಾವಳಿ ಹೊಳೆಲಿ ಸಮುದ್ರದಿಂದ ಸ್ವಲ್ಪ ಮೇಲೆ ಎರಡು, ಎರಡೂ ಕಡೆ ಕೆಂಪು ಒಂದು, ಹಳದಿ ಒಂದು.

"ಕಲ್ಲಿನ್ ಬೀಜವೇ ಗಟ್ಟಿ ಮಾರಾಯ" ಅಂತ ದೋಣಿಯಣ್ಣ ಮೊದಲಿಂದ ಹೇಳ್ತಿದ್ರು, ನಾನೂ ನಂಬಿದ್ದೆ. ಆದ್ರೆ ಅಳಿವೆಲಿ ಕೆಂಪು ಸರಾಸರಿ 58 ಮಿ.ಮೀ., ಹಳದಿ 61, ಮೇಲಿನ ಜಾಗದಲ್ಲಿ ಕೆಂಪು 44, ಹಳದಿ 49. ಅಂದ್ರೆ ಎಲ್ಲಿಂದ ಬಂತು ಅನ್ನೋದಕ್ಕಿಂತ ಎಲ್ಲಿ ತೂಗಾಡ್ತಿದೆ ಅನ್ನೋದೇ ಜಾಸ್ತಿ ಲೆಕ್ಕಕ್ಕೆ ಬಂತು. ಇವು ನೀರು ಸೋಸಿ ತಿನ್ನೋ ಜೀವ, ಅಳಿವೆಲಿ ಭರತ ಇಳಿತದ ಸೆಳೆತ ಊಟ ತಂದು ಬಾಯಿಗೆ ಹಾಕತ್ತೆ, ಉಪ್ಪೂ ಸಾಕಷ್ಟಿರತ್ತೆ, ಮೇಲೆ ಎರಡೂ ಕಮ್ಮಿ.

ಸಾವಿನ ಕಥೆ ಬೇರೆ. ಮೇಲಿನ ಕೆಂಪು ಹಗ್ಗದಲ್ಲಿ ಮೊದಲ ಹದಿನೈದು ದಿನದಲ್ಲೇ ಬಾಯ್ಬಿಟ್ಟ ಖಾಲಿ ಚಿಪ್ಪು ತುಂಬಾ ಸಿಕ್ಕಿದ್ವು, ಪಕ್ಕದ ಹಳದಿಲಿ ನಾಲ್ಕೈದು ಅಷ್ಟೇ. ಬರೀ ಸಮುದ್ರದ ಉಪ್ಪು ಕುಡಿದು ಬೆಳೆದದ್ದನ್ನ ಸೀದಾ ಸಪ್ಪೆ ನೀರಿಗೆ ಇಳಿಸಿದ್ದು ನನ್ನದೇ ತಪ್ಪು, ನಾಲ್ಕು ದಿನ ಅಳಿವೆಲಿ ಇಟ್ಟು ಆಮೇಲೆ ಒಯ್ಬೇಕಿತ್ತು. ಅದಾದ್ಮೇಲೆ ಉಳಿದವು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇದಾವೆ.

ಚಿಪ್ಪು ಇದ್ರೆ ಸತ್ತಿದ್ದು ಅನ್ನಬಹುದು, ಚಿಪ್ಪೇ ಇಲ್ದಿದ್ರೆ ಉದುರಿತೋ ಏಡಿ ತಿಂತೋ ಯಾರಿಗ್ಗೊತ್ತು, ಹಾಗಾಗಿ ಬದುಕಿದ ಲೆಕ್ಕವನ್ನ ನಾನೇ ಪೂರ್ತಿ ನಂಬಲ್ಲ. ಇನ್ನೊಂದು ತಲೆಗೆ ಹೊಳೆದಿದ್ದು ನಿನ್ನೆ: ಬಂಡೆ ಮೇಲಿನವು ದಿನಾ ಕೆಲವು ಗಂಟೆ ನೀರಿಲ್ದೆ ಬಾಯ್ಮುಚ್ಚಿ ಕೂತಿರ್ತಾವೆ, ತಿನ್ನೋದು ಕಮ್ಮಿ, ಹಾಗಾಗಿ 20 ಮಿ.ಮೀ. ಆಗೋಕೆ ಅವಕ್ಕೆ ಜಾಸ್ತಿ ದಿನ ಹಿಡಿದಿರ್ಬೇಕು. ಸೈಜ್ ಒಂದೇ ಅಂತ ನಾನು ಜೋಡಿ ಮಾಡಿದ್ದೆ, ವಯಸ್ಸು ಒಂದೇ ಅಲ್ಲದೆ ಇರ್ಬಹುದು. ಅಳಿವೆಲಿ ಕಂಡ 3 ಮಿ.ಮೀ., ಮೇಲೆ ಕಂಡ 5 ಮಿ.ಮೀ. ವ್ಯತ್ಯಾಸ ಊರಿಂದೋ ವಯಸ್ಸಿಂದೋ?

ಮೇಲಿನ ಎರಡೂ ಹಗ್ಗದಿಂದ ಅರ್ಧರ್ಧ ಅಳಿವೆಗೆ ತಂದು ಕಟ್ಟಿದೀನಿ, ಮೇ ಮಧ್ಯದ ತನಕ ಎಷ್ಟು ಚೇತರಿಸ್ಕೊಳ್ತಾವೆ ನೋಡೋಣ. ಮಳೆಗಾಲದ ಕೆಂಪು ನೀರು ಬಂದ್ರೆ ಯಾವ ಊರಿನ ಬೀಜವೂ ಉಳಿಯಲ್ಲ, ಅದಕ್ಕೆ ಮುಂಚೆ ಎಲ್ಲಾ ಎತ್ಬೇಕು. ಕೆಂಪು ದಾರ ಬಿಸಿಲಿಗೆ ಬಿಳಿಚಿ ಹಳದಿ ಥರಾನೇ ಕಾಣ್ತಿತ್ತು, ಈ ಸಲ ಗಂಟು ಹಾಕಿ ಗುರುತು ಮಾಡ್ದೆ, ಬಂಡೆದಕ್ಕೆ ಒಂದು, ಹೊಳೆದಕ್ಕೆ ಎರಡು.