ಶಾಂತಾರಾಮರ ಪ್ರಭಾತ್ ಚಿತ್ರಗಳನ್ನು ಕೇಳುತ್ತಾ: ‘ಕುಂಕೂ’ ಮುಗಿಯಿತು, ‘ಮಾಣೂಸ್’ ನಡೆದಿದೆ

ಅಂತೂ ‘ಕುಂಕೂ’ ಚಿತ್ರದ ಸದ್ದುಗಳ ಪಟ್ಟಿ ಪೂರ್ತಿಯಾಯಿತು. ಇಡೀ ಕೆಲಸದಲ್ಲಿ ನಾನು ಕಾಯುತ್ತಿದ್ದದ್ದೇ ಈ ಚಿತ್ರಕ್ಕೆ. ಹೀಗಾಗಿ ಈ ಸಲದ ಬರಹ ಸ್ವಲ್ಪ ಉದ್ದವಾಗುತ್ತದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ವಿ. ಶಾಂತಾರಾಮ್ ಅಂದರೆ ನಮ್ಮಲ್ಲಿ ಜಾಸ್ತಿ ಜನರಿಗೆ ‘ದೋ ಆಂಖೇ ಬಾರಹ್ ಹಾಥ್’ ನೆನಪಾಗುತ್ತದೆ. ಇಲ್ಲವಾದರೆ ‘ಝನಕ್ ಝನಕ್ ಪಾಯಲ್ ಬಾಜೇ’, ‘ನವರಂಗ್’. ಬಣ್ಣ, ಕುಣಿತ, ದೊಡ್ಡ ದೊಡ್ಡ ಸೆಟ್ಟು. ಅವೆಲ್ಲ ಐವತ್ತರ ದಶಕದವು. ನನಗೆ ಬೇಕಾದದ್ದು ಅದಕ್ಕೂ ಹಿಂದಿನ ಶಾಂತಾರಾಮ್. ಪ್ರಭಾತ್ ಫಿಲ್ಮ್ ಕಂಪನಿಯ ಪಾಲುದಾರರಲ್ಲಿ ಒಬ್ಬರಾಗಿ, ಸ್ಟುಡಿಯೊದ ಒಳಗೇ ಬೆಳೆದ ನಿರ್ದೇಶಕ. 1932ರ ‘ಅಯೋಧ್ಯೇಚಾ ರಾಜಾ’ದಿಂದ 1941ರ ‘ಶೇಜಾರಿ’ವರೆಗೆ ಅವರು ಅಲ್ಲಿ ಮಾಡಿದ ಮಾತಿನ ಚಿತ್ರಗಳಲ್ಲಿ ಸಿಕ್ಕಷ್ಟನ್ನು ಬಂದ ಕ್ರಮದಲ್ಲೇ ನೋಡುವುದು, ಅದಕ್ಕಿಂತ ಹೆಚ್ಚಾಗಿ ಕೇಳುವುದು. ಹೆಡ್‌ಫೋನ್ ಹಾಕಿಕೊಂಡು, ಮುಖ್ಯ ದೃಶ್ಯಗಳಲ್ಲಿ ಕೇಳುವ ಸದ್ದುಗಳನ್ನು ಪಟ್ಟಿ ಮಾಡುವುದು. ಇದೇ ನನ್ನ ಕೆಲಸ.

ಪಟ್ಟಿಯಲ್ಲಿ ಮೂರು ಕಾಲಂ ಇವೆ. ಕಾಣುವ ಸದ್ದು: ಪರದೆಯ ಮೇಲೆ ಬಾಗಿಲು ಕಾಣುತ್ತದೆ, ಬಾಗಿಲಿನ ಸದ್ದು ಕೇಳುತ್ತದೆ. ಕಾಣದ ಸದ್ದು: ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮುತ್ತಾರೆ, ಬೀದಿಯಲ್ಲಿ ಯಾರೋ ಹಾಡುತ್ತಾರೆ. ಮೂರನೆಯದು ಮೇಲಿಂದ ಹಾಕಿದ ಸದ್ದು, ಅಂದರೆ ಕಥೆಯೊಳಗೆ ಎಲ್ಲಿಂದಲೂ ಹುಟ್ಟದ ವಾದ್ಯಸಂಗೀತ. ಒಬ್ಬ ನಿರ್ದೇಶಕ ಮಾತಿನ ಚಿತ್ರವನ್ನು ಹೇಗೆ ಕಲಿತ ಅನ್ನುವುದು ಈ ಮೂರು ಕಾಲಂ ತುಂಬುವ ರೀತಿಯಲ್ಲೇ ಗೊತ್ತಾಗುತ್ತದೆ ಅಂತ ನನ್ನ ನಂಬಿಕೆ. ‘ಕುಂಕೂ’ ಮುಗಿದ ಮೇಲೆ ಆ ನಂಬಿಕೆ ಗಟ್ಟಿಯಾಗಿದೆ.

ನಾನು ಹುಬ್ಬಳ್ಳಿಯವನು. ಈ ಕೆಲಸ ಹಿಡಿಯಲು ಅದೂ ಒಂದು ಕಾರಣ. 1901ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಶಾಂತಾರಾಮ್ ಹುಡುಗರಿದ್ದಾಗ ನಮ್ಮ ಊರಲ್ಲಿದ್ದರು. ಇಲ್ಲಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಕಲಿತರು. ಆಮೇಲೆ ತಗಡಿನ ಶೆಡ್ಡಿನ ಒಂದು ಟಾಕೀಸಿನಲ್ಲಿ ಸಿಕ್ಕ ಸಣ್ಣಪುಟ್ಟ ಕೆಲಸ ಮಾಡಿದರು. ಅದು ಮೂಕಿ ಚಿತ್ರಗಳ ಕಾಲ. ದಿನವಿಡೀ ಯಂತ್ರಗಳ ಗದ್ದಲ ಕೇಳಿದ ಹುಡುಗ ಸಂಜೆ ಮಾತಿಲ್ಲದ ಚಿತ್ರ ನೋಡುತ್ತಿದ್ದ. ಅವರ ಚಿತ್ರಗಳನ್ನು ಕೇಳುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಅವರು ಮರಾಠಿ ರಂಗಭೂಮಿಯ ಹೆಸರಾಂತ ಗಾಯಕ-ನಟ ಬಾಲಗಂಧರ್ವರ ಗಂಧರ್ವ ನಾಟಕ ಮಂಡಳಿಯಲ್ಲೂ ಇದ್ದವರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1920ರಲ್ಲಿ ಅವರು ಕೊಲ್ಹಾಪುರದ ಮಹಾರಾಷ್ಟ್ರ ಫಿಲ್ಮ್ ಕಂಪನಿ ಸೇರಿದರು. ಬಾಬುರಾವ್ ಪೇಂಟರ್ ಅವರ ಕಂಪನಿ ಅದು. ಅಲ್ಲಿ ಯಾರೂ ಒಂದೇ ಕೆಲಸಕ್ಕೆ ಅಂಟಿಕೊಂಡಿರುವಂತಿರಲಿಲ್ಲ. ಕಸ ಗುಡಿಸುವುದರಿಂದ ಹಿಡಿದು ನಟನೆವರೆಗೆ ಎಲ್ಲವನ್ನೂ ಮಾಡಬೇಕು. 1925ರ ‘ಸಾವಕಾರಿ ಪಾಶ’ದಲ್ಲಿ ಸಾಲಕ್ಕೆ ಸಿಕ್ಕಿ ಜಮೀನು ಕಳೆದುಕೊಳ್ಳುವ ರೈತ ಇವರೇ. ಕಥೆ ನಾರಾಯಣ ಹರಿ ಆಪ್ಟೆ ಅವರದು. ಈ ಹೆಸರೂ ಮತ್ತೆ ಬರುತ್ತದೆ. 1927ರಲ್ಲಿ ‘ನೇತಾಜಿ ಪಾಲ್ಕರ್’ ಚಿತ್ರದೊಂದಿಗೆ ನಿರ್ದೇಶನ ಶುರುವಾಯಿತು. 1929ರ ಜೂನ್ 1ರಂದು ದಾಮ್ಲೆ, ಫತ್ತೇಲಾಲ್, ಧಾಯಬರ್, ಶಾಂತಾರಾಮ್ ಸೇರಿ ಪ್ರಭಾತ್ ಕಟ್ಟಿದರು. ದುಡ್ಡು ಹಾಕಿದವರು ಸೀತಾರಾಮ ಕುಲಕರ್ಣಿ, ಅವರೂ ಪಾಲುದಾರರು. ಫತ್ತೇಲಾಲ್ ಸೆಟ್ಟು ನೋಡಿಕೊಂಡರೆ ಧಾಯಬರ್ ಕ್ಯಾಮೆರಾ ಹಿಡಿದರು. ಮಾತಿನ ಚಿತ್ರ ಬಂದಾಗ ಧ್ವನಿಯ ಹೊಣೆ ವಿಷ್ಣುಪಂತ ದಾಮ್ಲೆ ಅವರಿಗೆ ಬಂತು. 1936ರಲ್ಲಿ ಫತ್ತೇಲಾಲ್ ಜೊತೆ ‘ಸಂತ ತುಕಾರಾಮ್’ ನಿರ್ದೇಶಿಸಿದ ದಾಮ್ಲೆ ಇವರೇ. ಶಾಂತಾರಾಮ್ ಬಗ್ಗೆ ಬರೆಯುವವರು ದಾಮ್ಲೆ ಹೆಸರನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಪಟ್ಟಿ ಬೆಳೆದಷ್ಟೂ ನನಗೆ ಅದು ಅನ್ಯಾಯ ಅನ್ನಿಸುತ್ತಿದೆ. ಒಳಗೇ ಒಬ್ಬ ಧ್ವನಿಯ ಮೇಸ್ತ್ರಿ ಇಲ್ಲದಿದ್ದರೆ ‘ಕುಂಕೂ’ ಆಗುತ್ತಲೇ ಇರಲಿಲ್ಲ.

ಇನ್ನು ಚಿತ್ರಗಳಿಗೆ ಬರುತ್ತೇನೆ. ಮೊದಲಿನವುಗಳ ಬಗ್ಗೆ ಹಿಂದೆಯೇ ಬರೆದಿದ್ದೇನೆ, ಇಲ್ಲಿ ಚುಟುಕಾಗಿ.

‘ಅಯೋಧ್ಯೇಚಾ ರಾಜಾ’ ಹರಿಶ್ಚಂದ್ರನ ಕಥೆ. ಮರಾಠಿಯ ಮೊದಲ ಮಾತಿನ ಚಿತ್ರ, ಹಿಂದಿಯಲ್ಲೂ ತೆಗೆದರು. ದೇಶದ ಮೊದಲ ಮಾತಿನ ಚಿತ್ರ, ಹಿಂದಿನ ವರ್ಷದ ‘ಆಲಂ ಆರಾ’ದ ಪ್ರಿಂಟ್ ಇವತ್ತು ಎಲ್ಲೂ ಇಲ್ಲ. ಹೀಗಾಗಿ ನಮ್ಮ ದೇಶದ ಮೊದಮೊದಲ ಮಾತಿನ ಚಿತ್ರಗಳು ಹೇಗೆ ಕೇಳುತ್ತಿದ್ದವು ಅಂತ ತಿಳಿಯಲು ಇದೇ ಗತಿ. ಹರಿಶ್ಚಂದ್ರನಾಗಿ ಗೋವಿಂದರಾವ್ ಟೇಂಬೆ, ತಾರಾಮತಿಯಾಗಿ ದುರ್ಗಾ ಖೋಟೆ. ಸಂಗೀತವೂ ಟೇಂಬೆ ಅವರದೇ. ಆಗ ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ನಟರು ಸೆಟ್ಟಿನಲ್ಲೇ ಹಾಡಬೇಕು, ವಾದ್ಯದವರು ಕ್ಯಾಮೆರಾಗೆ ಕಾಣದ ಹಾಗೆ ಕೂತು ನುಡಿಸಬೇಕು. ನನ್ನ ಪಟ್ಟಿಯಲ್ಲಿ ಈ ಚಿತ್ರದ ಸಾಲುಗಳು ಹೆಚ್ಚಾಗಿ ಮಾತು ಮತ್ತು ಹಾಡು, ಅಷ್ಟೇ. ಮನೆ, ಬೀದಿ, ಕಾಡು ಯಾವುದಕ್ಕೂ ಅದರದೇ ಸದ್ದು ಇಲ್ಲ. ನಾಟಕದ ಕಿವಿಯಿಂದಲೇ ಮಾಡಿದ ಚಿತ್ರ.

1933ರಲ್ಲಿ ಪ್ರಭಾತ್ ಪುಣೆಗೆ ಹೋಯಿತು. ಅದೇ ವರ್ಷದ ‘ಸೈರಂಧ್ರಿ’ಗೆ ಬಣ್ಣ ಕೊಡಿಸಲು ಶಾಂತಾರಾಮ್ ಜರ್ಮನಿಗೆ ಹೋದರು. ಬಣ್ಣ ಅಂದುಕೊಂಡ ಹಾಗೆ ಬರಲಿಲ್ಲ. ಆದರೆ ಆ ಪ್ರಯಾಣ ವ್ಯರ್ಥವಾಗಲಿಲ್ಲ. ಬಂದ ಮೇಲೆ ಪುಣೆಯಲ್ಲಿ ಮಾಡಿದ ‘ಅಮೃತಮಂಥನ’ (1934) ನೋಡಿದರೆ ಗೊತ್ತಾಗುತ್ತದೆ. ಕತ್ತಲ ಗುಡಿ, ದೀಪದ ನೆರಳು. ಹಿಂದಿ ಪ್ರತಿಯಲ್ಲಿ ರಾಜಗುರುವಾಗಿ ಚಂದ್ರಮೋಹನ್. ಟೆಲಿಫೋಟೊ ಲೆನ್ಸಿನಲ್ಲಿ ತೆಗೆದ ಅವರ ಕಣ್ಣು ಪರದೆಯನ್ನೇ ತುಂಬುತ್ತದೆ. ಎಲ್ಲರೂ ಆ ಕಣ್ಣಿನ ಬಗ್ಗೆ ಬರೆದಿದ್ದಾರೆ, ಬರೆಯಲೇಬೇಕು. ನನ್ನ ಕಿವಿಗೆ ಬಿದ್ದದ್ದು ಅವರ ದನಿ. ಕೂಗಬೇಕಾದ ಜಾಗದಲ್ಲಿ ಮೆಲ್ಲಗೆ ಮಾತಾಡುತ್ತಾರೆ. ಮೈಕ್ ಇದೆ, ಕೊನೇ ಸಾಲಿನವರಿಗೆ ಕೇಳಲಿ ಅಂತ ಗಂಟಲು ಹರಿದುಕೊಳ್ಳಬೇಕಿಲ್ಲ ಅನ್ನುವುದು ಈ ಚಿತ್ರದ ಹೊತ್ತಿಗೆ ಶಾಂತಾರಾಮರಿಗೆ ಪೂರ್ತಿ ಅರ್ಥವಾಗಿದೆ. ಇದರ ಕಥೆಯೂ ಆಪ್ಟೆ ಅವರದೇ.

ನಡುವೆ ಒಂದು ಮಾತು. ನಮ್ಮ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದೂ ಇದೇ 1934ರಲ್ಲಿ. ವೈ.ವಿ. ರಾವ್ ಅದನ್ನು ತೆಗೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ಕನ್ನಡ ಸಿನಿಮಾ ಮಾತು ಕಲಿತದ್ದು ಶಾಂತಾರಾಮ್ ಕೆಲಸ ಕಲಿತ ಊರಿನಲ್ಲೇ. ಅದರ ಪ್ರಿಂಟ್ ಉಳಿದಿದ್ದರೆ ನನ್ನ ಪಟ್ಟಿಯಲ್ಲಿ ಅದಕ್ಕೂ ಒಂದು ಹಾಳೆ ಇರುತ್ತಿತ್ತು.

‘ಧರ್ಮಾತ್ಮಾ’ (1935) ಮರಾಠಿ ಸಂತ ಏಕನಾಥರ ಕಥೆ. ‘ಮಹಾತ್ಮಾ’ ಅಂತ ಇಟ್ಟಿದ್ದ ಹೆಸರನ್ನು ಬ್ರಿಟಿಷರ ಸೆನ್ಸಾರ್ ಒಪ್ಪಲಿಲ್ಲ, ಬದಲಿಸಬೇಕಾಯಿತು. ಏಕನಾಥರಾಗಿ ಬಾಲಗಂಧರ್ವ. ಯಾರ ನಾಟಕ ಕಂಪನಿಯಲ್ಲಿ ಹುಡುಗನಾಗಿ ಇದ್ದರೋ ಅವರನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿ ನಿರ್ದೇಶಿಸುವುದು ಅಂದರೆ ಸಣ್ಣ ಮಾತಲ್ಲ. ಆದರೆ ಹಾಡು ಬಂದಾಗ ಚಿತ್ರ ಅಲ್ಲೇ ನಿಲ್ಲುತ್ತದೆ, ಹಾಡು ಮುಗಿದ ಮೇಲೆ ಮುಂದೆ ಸಾಗುತ್ತದೆ. ಆ ಗಾಯನದ ಮುಂದೆ ನಿರ್ದೇಶಕ ಕೈಕಟ್ಟಿ ನಿಂತಂತೆ ನನಗೆ ಅನ್ನಿಸಿತು. ಮುಂದಿನ ವರ್ಷದ ‘ಅಮರಜ್ಯೋತಿ’ಯಲ್ಲಿ ದುರ್ಗಾ ಖೋಟೆ ಕಡಲುಗಳ್ಳರ ನಾಯಕಿ. ವೆನಿಸ್ ಚಿತ್ರೋತ್ಸವದವರೆಗೂ ಹೋದ ಚಿತ್ರ. ಅಲೆ, ಹಡಗು, ಗಾಳಿ ಎಲ್ಲಕ್ಕೂ ಇಲ್ಲಿ ಕಾಲಂ ತುಂಬಿದೆ. ಆದರೂ ನನಗೆ ಇದರಲ್ಲಿ ಅಷ್ಟು ಮನಸ್ಸು ನಿಲ್ಲಲಿಲ್ಲ.

ಈಗ ‘ಕುಂಕೂ’.

1937. ಹಿಂದಿಯಲ್ಲಿ ‘ದುನಿಯಾ ನ ಮಾನೇ’. ಕಥೆ ಮತ್ತೆ ನಾರಾಯಣ ಹರಿ ಆಪ್ಟೆ ಅವರ ಕಾದಂಬರಿ. ನೀರಾ ಅನ್ನುವ ಹುಡುಗಿಯನ್ನು ಮೋಸದಿಂದ ಮುದುಕ ವಕೀಲ ಕಾಕಾಸಾಹೇಬರಿಗೆ ಕೊಟ್ಟು ಮದುವೆ ಮಾಡುತ್ತಾರೆ. ಅವರು ಹೆಂಡತಿ ತೀರಿದವರು, ಬೆಳೆದ ಮಕ್ಕಳಿದ್ದಾರೆ. ನೀರಾ ಈ ಮದುವೆಯನ್ನು ಒಪ್ಪುವುದಿಲ್ಲ. ಮನೆ ಬಿಟ್ಟು ಓಡುವುದೂ ಇಲ್ಲ. ಅದೇ ಮನೆಯಲ್ಲಿ ನಿಂತು ತಾನು ಒಪ್ಪಿಲ್ಲ ಅಂತ ದಿನಾ ತೋರಿಸುತ್ತಾಳೆ. ಶಾಂತಾ ಆಪ್ಟೆ ನೀರಾ, ಕೇಶವರಾವ್ ದಾತೆ ಕಾಕಾಸಾಹೇಬ್.

ಈ ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಓದಿ ಗೊತ್ತಿತ್ತು. ಆದರೆ ಪಟ್ಟಿಯಲ್ಲಿ ಮೂರನೇ ಕಾಲಂ ಉದ್ದಕ್ಕೂ ಖಾಲಿ ಉಳಿಯುತ್ತಾ ಹೋದದ್ದನ್ನು ಕಣ್ಣಾರೆ ನೋಡುವುದೇ ಬೇರೆ. ಅಳುವ ಜಾಗದಲ್ಲಿ ಪಿಟೀಲು ಬರುವುದಿಲ್ಲ. ಸಿಟ್ಟಿಗೆ ತಬಲಾ ಇಲ್ಲ. ಇಡೀ ಮನೆಯೇ ಮಾತಾಡುತ್ತದೆ. ಗೋಡೆ ಗಡಿಯಾರದ ಟಿಕ್ ಟಿಕ್ ಮುದುಕರ ಮುಗಿಯುತ್ತಿರುವ ವಯಸ್ಸನ್ನು ಎಣಿಸುತ್ತಾ ಇರುತ್ತದೆ. ಹಾಡುಗಳಿಗೂ ಇದೇ ಕಟ್ಟುಪಾಡು: ಮನೆಯಲ್ಲಿ ಏನಿದೆಯೋ ಅದೇ ಸಾಥ್. ಸಂಗೀತ ನಿರ್ದೇಶಕ ಕೇಶವರಾವ್ ಭೋಳೆ ಇದನ್ನು ಒಪ್ಪಿಕೊಂಡು ಮಾಡಿದರಲ್ಲ, ಅವರಿಗೆ ಕೈಮುಗಿಯಬೇಕು. ವಾದ್ಯ ಬಿಟ್ಟು ಬಾ ಅಂತ ಸಂಗೀತಗಾರನಿಗೆ ಹೇಳುವುದು ಸುಲಭವಲ್ಲ.

ಬೀದಿಯಲ್ಲಿ ಭಿಕ್ಷೆ ಬೇಡುತ್ತಾ ಹಾಡುವ ಹಾಡೊಂದಿದೆ, ‘ಮನ್ ಶುದ್ಧ ತುಝಂ’. ಮರಾಠಿ ಮನೆಗಳಲ್ಲಿ ಇವತ್ತಿಗೂ ಗೊತ್ತಿರುವ ಹಾಡು. ನಮ್ಮ ಓಣಿಯ ಕಾಕು ಒಬ್ಬರ ಮನೆಮಾತು ಮರಾಠಿ. ಅರ್ಥ ಕೇಳೋಣ ಅಂತ ಹೋದರೆ ಅವರು ಪೂರ್ತಿ ಹಾಡೇ ಬಿಟ್ಟರು. ‘ನಮ್ಮ ಅಜ್ಜ ಹಾಡ್ತಿದ್ರು, ಸಿನಿಮಾದ್ದು ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು’ ಅಂದರು. ಚಿತ್ರದಿಂದ ಹೊರಟ ಹಾಡು ಚಿತ್ರದ ಹೆಸರನ್ನೇ ಬಿಟ್ಟು ಮನೆ ಸೇರಿದೆ.

ಇನ್ನೊಂದು ಹಾಡು ಇಂಗ್ಲಿಷಿನದು. ಅಮೆರಿಕದ ಕವಿ ಲಾಂಗ್‌ಫೆಲೋ ಬರೆದ ಕವಿತೆಯ ಸಾಲುಗಳನ್ನು ಶಾಂತಾ ಆಪ್ಟೆ ಹಾಡುತ್ತಾರೆ. 1937ರ ಮರಾಠಿ ಚಿತ್ರದಲ್ಲಿ, ಬಾಳಿನ ರಣರಂಗದಲ್ಲಿ ಬಾಯಿಲ್ಲದ ದನದ ಹಾಗೆ ಇರಬೇಡ ಅನ್ನುವ ಮಾತನ್ನು ಒಬ್ಬ ಹುಡುಗಿ ತನಗೆ ತಾನೇ ಹಾಡಿಕೊಳ್ಳುತ್ತಾಳೆ. ಆ ಜಾಗ ಬಂದಾಗ ನಾನು ಪೆನ್ನು ಕೆಳಗಿಟ್ಟು ಸುಮ್ನೆ ಕೇಳಿದೆ.

ಮೌನಕ್ಕೆ ಯಾವ ಕಾಲಂ? ಇದು ‘ಕುಂಕೂ’ ಎತ್ತಿದ ಪ್ರಶ್ನೆ. ಯಾರೂ ಮಾತಾಡದೆ, ಯಾವುದೂ ನುಡಿಯದೆ ಇರುವ ಗಳಿಗೆಗಳು ಇದರಲ್ಲಿ ಜಾಸ್ತಿ. ಒಡೆದ ಕನ್ನಡಿಯ ಚೂರುಗಳಲ್ಲಿ ಕಾಕಾಸಾಹೇಬರು ತಮ್ಮ ಮುಖವನ್ನು ನೋಡಿಕೊಳ್ಳುವ ದೃಶ್ಯ ಗೊತ್ತಲ್ಲ, ಅಂಥಲ್ಲಿ ಸುತ್ತಲಿನ ಮೌನವೇ ಅರ್ಧ ಕೆಲಸ ಮಾಡುತ್ತದೆ. ಹಾಗಾಗಿ ನಾಲ್ಕನೇ ಕಾಲಂ ಎಳೆದಿದ್ದೇನೆ. ಹಳೆಯ ಚಿತ್ರಗಳಿಗೂ ಅದನ್ನು ತುಂಬುತ್ತಾ ಬರಬೇಕು.

ಇಲ್ಲೊಂದು ತೊಡಕಿದೆ. ಆಗ ಸದ್ದು ಫಿಲ್ಮಿನ ಅಂಚಿನಲ್ಲಿ ಬೆಳಕಿನ ಗುರುತಾಗಿ ಅಚ್ಚಾಗುತ್ತಿತ್ತು. ಆ ಅಂಚಿಗೆ ಧೂಳು ಕೂತರೆ, ಗೀರು ಬಿದ್ದರೆ, ಅದೂ ಚಟಪಟ ಅಂತ ಕೇಳುತ್ತದೆ. ಎಷ್ಟೋ ಸಲ ನಕಲು ತೆಗೆದ ಪ್ರತಿಯಲ್ಲಿ ಶಾಂತಾರಾಮ್ ಇಟ್ಟ ಮೌನ ಯಾವುದು, ಫಿಲ್ಮಿನ ಗೊರಗೊರ ಯಾವುದು ಅಂತ ಬಿಡಿಸುವುದು ಕಷ್ಟ. ಎರಡೂ ಭಾಷೆಯ ಪ್ರತಿ ಸಿಕ್ಕ ಚಿತ್ರಗಳಿಗೆ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಮರಾಠಿ, ಹಿಂದಿ ಎರಡರಲ್ಲೂ ಅದೇ ಜಾಗದಲ್ಲಿ ಕೇಳುವ ಸದ್ದನ್ನು ಮಾತ್ರ ಪಟ್ಟಿಗೆ ಹಾಕುವುದು. ಒಂದೇ ಸೆಟ್ಟಿನಲ್ಲಿ ಎರಡು ಸಲ ತೆಗೆದ ಚಿತ್ರ, ಎರಡು ಬೇರೆ ನೆಗೆಟಿವ್. ಧೂಳು ಎರಡರಲ್ಲೂ ಒಂದೇ ಕಡೆ ಕೂರುವುದಿಲ್ಲ. ‘ಕುಂಕೂ’ ಪಟ್ಟಿ ಈ ನಿಯಮದಿಂದ ಸಣ್ಣದಾಗಿದೆ, ಆದರೆ ಉಳಿದ ಸಾಲುಗಳ ಮೇಲೆ ಭರವಸೆ ಇಡಬಹುದು. ಒಂದೇ ಪ್ರತಿ ಇರುವ ಚಿತ್ರಗಳಲ್ಲಿ ಅನುಮಾನದ ಸಾಲುಗಳಿಗೆ ಪೆನ್ಸಿಲ್ ಗುರುತು ಹಾಕಿದ್ದೇನೆ.

‘ಮಾಣೂಸ್’ (1939, ಹಿಂದಿಯಲ್ಲಿ ‘ಆದ್ಮಿ’) ಅರ್ಧದವರೆಗೆ ಬಂದಿದೆ. ಪೊಲೀಸ್ ಪೇದೆ ಗಣಪತ್ ಆಗಿ ಶಾಹು ಮೋಡಕ್, ವೇಶ್ಯೆ ಮೈನಾ ಆಗಿ ಶಾಂತಾ ಹುಬ್ಳೀಕರ್. ಹೆಸರು ನೋಡಿದರೇ ಗೊತ್ತಾಗುತ್ತದೆ, ಅವರು ನಮ್ಮ ಕಡೆಯವರು, ಹುಬ್ಬಳ್ಳಿ ಹತ್ತಿರದ ಅದರಗುಂಚಿ. 1942ರಲ್ಲಿ ಗುಬ್ಬಿ ವೀರಣ್ಣನವರ ‘ಜೀವನ ನಾಟಕ’ದಲ್ಲೂ ನಟಿಸಿದರು. ಇಲ್ಲಿ ಅವರು ಹಾಡುವ ‘ಕಶಾಲಾ ಉದ್ಯಾಚಿ ಬಾತ್’ ಹಾಡಿನಲ್ಲಿ ಹಲವು ಭಾಷೆಗಳ ಸಾಲುಗಳು ಬರುತ್ತವೆ. ಬೇರೆ ಬೇರೆ ಊರಿನ ಗಂಡಸರು ಎದುರು ಕೂತಿದ್ದಾರೆ, ಅವರವರ ಭಾಷೆಯಲ್ಲಿ ಅವರನ್ನು ಖುಷಿಪಡಿಸಬೇಕು. ಹಾಡು ಕುಣಿಯುತ್ತದೆ, ಅದರ ಹಿಂದಿರುವ ಬದುಕು ಚುಚ್ಚುತ್ತದೆ. ‘ಧರ್ಮಾತ್ಮಾ’ದಲ್ಲಿ ಹಾಡಿಗಾಗಿ ಚಿತ್ರ ನಿಲ್ಲುತ್ತಿತ್ತು ಅಂದೆನಲ್ಲ. ಇಲ್ಲಿ ಆ ಹೆಣ್ಣಿನ ದಿನಗೂಲಿ ಏನು ಅನ್ನುವುದು ಹಾಡಿನಿಂದಲೇ ತಿಳಿಯುತ್ತದೆ. ನಾಲ್ಕು ವರ್ಷದಲ್ಲಿ ಆದ ಬದಲಾವಣೆ ಇದು.

ಸಿನಿಮಾದೊಳಗೆ ಸಿನಿಮಾ ಶೂಟಿಂಗ್ ನೋಡುವ ದೃಶ್ಯವೂ ಇದರಲ್ಲಿದೆ. ಬಾಂಬೆ ಟಾಕೀಸ್ ಕಂಪನಿಯ ಚಿತ್ರಗಳ ಶೈಲಿಯ ಪ್ರೇಮಗೀತೆಗಳನ್ನು ಅಣಕಿಸಿದ್ದು ಅದು. ಅದನ್ನು ಯಾವ ಕಾಲಂಗೆ ಹಾಕುವುದೋ ಇನ್ನೂ ತೀರ್ಮಾನಿಸಿಲ್ಲ. ಅಲ್ಲಿ ವಾದ್ಯಗಳಿವೆ, ಆದರೆ ಶೂಟಿಂಗಿನ ಭಾಗವಾಗಿ. ಸದ್ಯಕ್ಕೆ ಕಾಣುವ ಸದ್ದು ಅಂತ ಬರೆದಿದ್ದೇನೆ.

ಮುಂದಿನದು ‘ಶೇಜಾರಿ’. ಪ್ರಭಾತ್‌ನಲ್ಲಿ ಶಾಂತಾರಾಮರ ಕೊನೆಯ ಚಿತ್ರ. ಅದಾದ ಮೇಲೆ ಅವರು ಹೊರಬಂದು ಮುಂಬಯಿಯಲ್ಲಿ ತಮ್ಮದೇ ರಾಜಕಮಲ್ ಸ್ಟುಡಿಯೊ ಕಟ್ಟಿದರು. ‘ಶೇಜಾರಿ’ಯಲ್ಲಿ ಅಣೆಕಟ್ಟು ಬಂದು ಬೇರೆಯಾಗುವ ಇಬ್ಬರು ಗೆಳೆಯರು, ಒಬ್ಬ ಹಿಂದೂ, ಒಬ್ಬ ಮುಸ್ಲಿಂ. ಮಿರ್ಜಾ ಪಾತ್ರ ಎರಡೂ ಭಾಷೆಯಲ್ಲಿ ಗಜಾನನ ಜಾಗೀರದಾರ್ ಅವರದೇ. ಹಿಂದೂ ಗೆಳೆಯನಾಗಿ ಮರಾಠಿಯಲ್ಲಿ ಕೇಶವರಾವ್ ದಾತೆ, ಹಿಂದಿಯಲ್ಲಿ ಮಝರ್ ಖಾನ್. ಒಬ್ಬನೇ ನಟ ಇಬ್ಬರು ಬೇರೆ ಬೇರೆ ಗೆಳೆಯರ ಜೊತೆ ಅವೇ ಮಾತುಗಳನ್ನು ಹೇಗೆ ಆಡುತ್ತಾನೆ, ಎಲ್ಲಿ ತಡೆಯುತ್ತಾನೆ ಅನ್ನುವುದನ್ನು ಅಕ್ಕಪಕ್ಕ ಇಟ್ಟು ಕೇಳಬೇಕು. ಕೊನೆಯ ಅಣೆಕಟ್ಟು ಒಡೆಯುವ ಭಾಗವನ್ನು ಆಮೇಲೆ ನೋಡುತ್ತೇನೆ, ಮೊದಲು ಆ ಗೆಳೆಯರಿಬ್ಬರ ಮಾತಿನ ದೃಶ್ಯಗಳು.