ಎಲ್ಲ ಅನುಭಾವಿಗಳೂ ಹೇಳಿದ್ದು ಒಂದೇ ಮಾತನ್ನೇ?

ವಚನಗಳ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಯಿದು: ಶರಣರು, ಸೂಫಿಗಳು, ಕ್ರೈಸ್ತ ಸಂತರು ಎಲ್ಲರೂ ಕೊನೆಗೆ ಕಂಡದ್ದು ಒಂದೇ ಸತ್ಯವಲ್ಲವೇ? ಹೌದೆಂದುಬಿಟ್ಟರೆ ಕೇಳಿದವರಿಗೆ ಸಮಾಧಾನವಾಗುತ್ತದೆ, ಆದರೆ ಅಷ್ಟು ಸಲೀಸಾಗಿ ಹೌದೆನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರು ಏನನ್ನು ಕಳೆದುಕೊಳ್ಳಬೇಕೆಂದರೋ ಅದರಲ್ಲಿ ಆಳವಾದ ಹೋಲಿಕೆಯಿದೆ. ಪಡೆದದ್ದೂ ಒಂದೇ ಎಂಬುದು ಹೊರಗೆ ನಿಂತವರು ಆಡಬಹುದಾದ ಮಾತಲ್ಲ.

ಈ ಪ್ರಶ್ನೆಯ ಬೆನ್ನುಹತ್ತಿ ಹೋದವರಲ್ಲಿ ನನಗೆ ಬಹಳ ಆಪ್ತನಾದವನು ಷಾಜಹಾನನ ಹಿರಿಯ ಮಗ ದಾರಾ ಶಿಕೋ. ಖಾದ್ರಿ ಪಂಥದ ಸೂಫಿ ಮುಲ್ಲಾ ಷಾ ಅವರ ಶಿಷ್ಯನಾಗಿದ್ದ ಆತ ಸೂಫಿಗಳ ಪರಿಭಾಷೆಯನ್ನೂ ವೇದಾಂತಿಗಳ ಪರಿಭಾಷೆಯನ್ನೂ ಎದುರುಬದುರು ಇಟ್ಟು, ಎರಡು ಕಡಲುಗಳ ಸಂಗಮ ಎಂಬ ಅರ್ಥದ ಹೆಸರಿನಲ್ಲಿ ಒಂದು ಗ್ರಂಥ ರಚಿಸಿದ. 1657ರಲ್ಲಿ ಕಾಶಿಯ ಪಂಡಿತರ ನೆರವಿನಿಂದ ಸುಮಾರು 50 ಉಪನಿಷತ್ತುಗಳನ್ನು ಪಾರಸಿಗೆ ತಂದ. ಕುರಾನಿನಲ್ಲಿ ಹೇಳಿರುವ 'ಮರೆಯಲ್ಲಿರುವ ಗ್ರಂಥ' ಇವೇ ಎಂದು ನಂಬಿದ. ಎರಡು ವರ್ಷಗಳ ನಂತರ ತಮ್ಮ ಔರಂಗಜೇಬನ ಆಜ್ಞೆಯಂತೆ ಅವನ ಕೊಲೆಯಾಯಿತು. ಅದರ ಹಿಂದೆ ಸಿಂಹಾಸನದ ಕಲಹವಿತ್ತು ನಿಜ, ಆದರೆ ಅವನ ಮೇಲೆ ಹೊರಿಸಿದ್ದು ಧರ್ಮದ್ರೋಹದ ಆರೋಪವನ್ನು.

ದಾರಾನ ಮೇಲೆ ನನಗಿರುವ ಗೌರವ ದೊಡ್ಡದು. ಹಾಗಿದ್ದೂ ಅವನು ಕೂಡಿಸಿದ ಜೋಡಿಗಳೆಲ್ಲ ಒಪ್ಪಿಗೆಯಾಗುವುದಿಲ್ಲ. ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಅವನು ಜಿಬ್ರಾಯಿಲ್, ಮಿಕಾಯಿಲ್, ಇಸ್ರಾಫಿಲ್ ಎಂಬ ದೇವದೂತರಿಗೆ ಸಮನಾಗಿ ಇಡುತ್ತಾನೆ. ಲಯಕರ್ತನಾದ ಮಹೇಶ್ವರನಿಗೂ ಪ್ರಳಯದ ಕಹಳೆ ಊದುವ ಇಸ್ರಾಫಿಲನಿಗೂ ಮೇಲ್ನೋಟಕ್ಕೆ ಹೊಂದಿಕೆ ಕಾಣುತ್ತದೆ. ಆದರೆ ದೇವದೂತನು ದೇವರು ಸೃಷ್ಟಿಸಿದ ಸೇವಕ, ಶೈವನಿಗೆ ಶಿವನೇ ಪರತತ್ತ್ವ. ಹೆಸರಿಗೆ ಹೆಸರು ಜೋಡಿಸಿದಾಗ ಎರಡು ಕಡೆಯ ಭಕ್ತರಿಗೂ ತಮ್ಮದು ಎನ್ನುವುದೇನೋ ತಪ್ಪಿಹೋಗುತ್ತದೆ.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸುವ ಹೋಲಿಕೆ ಬೇರೆ ಕಡೆಯಿದೆ. 'ದೇವರಿಂದ ನನ್ನನ್ನು ಬಿಡಿಸು' ಎಂದು ದೇವರಲ್ಲೇ ಮೊರೆಯಿಟ್ಟವನು ಜರ್ಮನ್ ನಾಡಿನ ಡೊಮಿನಿಕನ್ ಪಾದ್ರಿ ಎಕ್‌ಹಾರ್ಟ್. ಅವನು ತೀರಿಕೊಂಡ ಮೇಲೆ, 1329ರಲ್ಲಿ, ಪೋಪ್ 22ನೇ ಜಾನ್ ಅವನದೆನ್ನಲಾದ 28 ಮಾತುಗಳನ್ನು ಖಂಡಿಸಿದರು. ಅವನಿಗಿಂತ ಮುಂಚೆ, 12ನೇ ಶತಮಾನದಲ್ಲಿ, ನಮ್ಮ ಅಲ್ಲಮ ಪೂಜೆ, ಪೂಜಿಸುವವನು, ಪೂಜೆಗೊಳ್ಳುವವನು ಎಂಬ ಭೇದವೆಲ್ಲ ಬಯಲಾಗುವವರೆಗೆ ಬಿಡದೆ ಪ್ರಶ್ನಿಸಿದ್ದ. ಒಬ್ಬರ ಹೆಸರನ್ನೂ ಇನ್ನೊಬ್ಬರು ಕೇಳಿರಲಾರದ ಇವರಿಬ್ಬರೂ ತಮಗೆ ಅತ್ಯಂತ ಪ್ರಿಯವಾದ ದೇವರ ಕಲ್ಪನೆಯನ್ನೇ ಕೈಬಿಡಲು ಸಿದ್ಧರಾದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹಾಗೆಂದು ಇಬ್ಬರೂ ಒಂದೇ ಜಾಗಕ್ಕೆ ಬಂದರೇ? ಎಕ್‌ಹಾರ್ಟನು ಆ ನೆಲೆಯನ್ನು ತಂದೆ, ಮಗ, ಪವಿತ್ರಾತ್ಮ ಎಂಬ ಭೇದವೂ ಇಣುಕದ ಮೌನದ ಮರುಭೂಮಿ ಎನ್ನುತ್ತಾನೆ. ಅದು ತ್ರಿತ್ವವನ್ನು ಬದುಕಿಡೀ ಧ್ಯಾನಿಸಿದವನಿಗಷ್ಟೇ ಹೊಳೆಯಬಹುದಾದ ಮಾತು. ಅಲ್ಲಮನ ಬಯಲಿಗೆ ಬೇರೆ ಮಣ್ಣಿನ ವಾಸನೆಯಿದೆ. ಕನ್ನಡದಲ್ಲಿ ಬಯಲೆಂದರೆ ಬರಿದಾದ ಜಾಗವೂ ಹೌದು, ಉತ್ತು ಬೆಳೆಯುವ ಹೊಲವೂ ಹೌದು. ಆದ್ದರಿಂದಲೇ ಅವನ ವಚನದಲ್ಲಿ ಬಯಲನ್ನೇ ಬಿತ್ತುತ್ತಾರೆ, ಬಯಲನ್ನೇ ಬೆಳೆಯುತ್ತಾರೆ.