ಹಾಗಾದರೆ ಐನ್‌ಸ್ಟೈನ್ ಹೇಳಿದ್ದು ತಪ್ಪೇ?

ನಡುವಿನ ದೈತ್ಯ ಕಪ್ಪುಕುಳಿಯ ಸುತ್ತಲಿನ ಅನಿಲದಿಂದ ಪ್ರಖರವಾಗಿ ಬೆಳಗುವ 'ಸಕ್ರಿಯ' ಗ್ಯಾಲಕ್ಸಿಗಳ ಕೇಂದ್ರಭಾಗ ನನ್ನ ಅಧ್ಯಯನದ ವಿಷಯ. ಅಲ್ಲಿನ ವೀಕ್ಷಣೆಗಳನ್ನು ಐನ್‌ಸ್ಟೈನರ ಸಾರ್ವತ್ರಿಕ ಸಾಪೇಕ್ಷತೆಯ ಜೊತೆಗೆ ಪರ್ಯಾಯ ಗುರುತ್ವ ಸಿದ್ಧಾಂತಗಳೊಂದಿಗೂ ತಾಳೆ ನೋಡುತ್ತೇನೆ ಎಂದೊಡನೆ ಎಲ್ಲರೂ ಕೇಳುವುದು ಈ ಶೀರ್ಷಿಕೆಯ ಪ್ರಶ್ನೆಯನ್ನೇ. ತಪ್ಪೆನ್ನಲು ಇದುವರೆಗೆ ಗಟ್ಟಿಯಾದ ಪುರಾವೆ ಯಾವುದೂ ಸಿಕ್ಕಿಲ್ಲ. ಸಿಕ್ಕೀತೆಂಬ ದೊಡ್ಡ ನಿರೀಕ್ಷೆಯೂ ನನಗಿಲ್ಲ. ಆದರೆ ಒಂದು ಸಿದ್ಧಾಂತ ವೀಕ್ಷಣೆಗೆ ಹೊಂದುತ್ತದೆ ಎಂಬಷ್ಟರಿಂದ ತಿಳಿಯುವುದು ಕಡಿಮೆ. ಅದೇ ವೀಕ್ಷಣೆಗೆ ಬೇರೊಂದು ಸಿದ್ಧಾಂತ ಬೇರೆ ಅಂಕಿಯನ್ನು ಮುಂದಿಟ್ಟು ಸೋತಾಗಲೇ ಮೊದಲನೆಯದನ್ನು ನಿಜವಾಗಿ ಪರೀಕ್ಷಿಸಿದಂತಾಗುತ್ತದೆ.

ಪರ್ಯಾಯ ಗುರುತ್ವವೆಂದರೆ ಹಲವರಿಗೆ ನೆನಪಾಗುವುದು ಮೊರ್ಡೆಹೈ ಮಿಲ್‌ಗ್ರೋಮ್ 1983ರಲ್ಲಿ ಮಂಡಿಸಿದ 'ಮಾಂಡ್', ಅಂದರೆ ನ್ಯೂಟನ್‌ನ ಚಲನ ನಿಯಮಗಳ ಮಾರ್ಪಾಡು. ಗ್ಯಾಲಕ್ಸಿಗಳ ಅಂಚಿನ ನಕ್ಷತ್ರಗಳ ವೇಗವನ್ನು ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದ ಮಾತ್ರ ಊಹಿಸಲಾದ ದ್ರವ್ಯ) ಇಲ್ಲದೆ ವಿವರಿಸಲು ಹೊರಟ ಈ ಕಲ್ಪನೆಯ ಪ್ರಭಾವ ತಲೆದೋರುವುದು ವೇಗೋತ್ಕರ್ಷವು ಭೂಮಿಯ ಮೇಲಿನದರ ಸುಮಾರು ಎಂಟು ಸಾವಿರ ಕೋಟಿಯಲ್ಲೊಂದು ಪಾಲಿಗೆ ಇಳಿದಾಗ. ನಾನು ನೋಡುವ ಕಪ್ಪುಕುಳಿಗಳ ಅಂಚಿನಲ್ಲಿ ಗುರುತ್ವ ಅತಿ ಪ್ರಬಲ. ಆದ್ದರಿಂದ ಮಾಂಡ್‌ನ ಸೋಲುಗೆಲುವು ಇಲ್ಲಿ ತೀರ್ಮಾನವಾಗುವುದಿಲ್ಲ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಕಪ್ಪುಕುಳಿಯ ರಚನೆಯನ್ನೇ ಬೇರೆಯಾಗಿ ಹೇಳುವ ಸಿದ್ಧಾಂತಗಳು.

ತೊಡಕಿರುವುದು ಗುರುತ್ವಕ್ಕಿಂತ ಹೆಚ್ಚಾಗಿ ಅನಿಲದಲ್ಲಿ. ಕಪ್ಪುಕುಳಿಯ ಸುತ್ತ ಸುಳಿಯುತ್ತ ಬಿಸಿಯೇರುವ ಅನಿಲವೇ ಸಕ್ರಿಯ ಗ್ಯಾಲಕ್ಸಿಯ ಬೆಳಕಿನ ಮೂಲವಾದ್ದರಿಂದ, ಕಂಡ ವ್ಯತ್ಯಾಸ ಗುರುತ್ವದ್ದೋ ಅನಿಲದ ನಡವಳಿಕೆಯದೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಕನ್ಯಾ ರಾಶಿಯ ದಿಕ್ಕಿನಲ್ಲಿ ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಎಂ87 ಗ್ಯಾಲಕ್ಸಿ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಕಪ್ಪುಕುಳಿಯ ದ್ರವ್ಯರಾಶಿಯನ್ನು ಅನಿಲದ ಚಲನೆಯಿಂದ ಅಳೆದವರಿಗೆ ಸುಮಾರು 350 ಕೋಟಿ ಸೂರ್ಯರಷ್ಟೆಂದೂ, ನಕ್ಷತ್ರಗಳ ಚಲನೆಯಿಂದ ಅಳೆದವರಿಗೆ 600 ಕೋಟಿಗೂ ಹೆಚ್ಚೆಂದೂ ಉತ್ತರ ಬಂದಿತ್ತು. 2019ರ ಏಪ್ರಿಲ್‌ನಲ್ಲಿ ಇವೆಂಟ್ ಹೊರೈಜನ್ ಟೆಲಿಸ್ಕೋಪ್ (ಜಗತ್ತಿನ ಹಲವೆಡೆಯ ರೇಡಿಯೋ ದೂರದರ್ಶಕಗಳ ಜಾಲ) ತಂಡ ಪ್ರಕಟಿಸಿದ ಚಿತ್ರದಲ್ಲಿದ್ದ ಬೆಳಕಿನ ಉಂಗುರದ ವ್ಯಾಸ ಸುಮಾರು 42 ಮೈಕ್ರೋ ಆರ್ಕ್‌ಸೆಕೆಂಡ್ (ಆಕಾಶದಲ್ಲಿ ಕೋನವನ್ನು ಅಳೆಯುವ ಅತಿ ಸಣ್ಣ ಮಾನ); ಸಾಪೇಕ್ಷತೆಯ ಪ್ರಕಾರ ಅದಕ್ಕೆ ತಕ್ಕ ರಾಶಿ 650 ಕೋಟಿ ಸೂರ್ಯರಷ್ಟು. ಅನಿಲದ ಅಳತೆಯೊಂದೇ ನಮ್ಮ ಕೈಯಲ್ಲಿದ್ದಿದ್ದರೆ ಉಂಗುರ ನಿರೀಕ್ಷೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದಾಗಿ ಕಂಡು, ಐನ್‌ಸ್ಟೈನ್ ಸೋತರೆಂಬ ಸುದ್ದಿ ಹಬ್ಬುತ್ತಿತ್ತೇನೋ! ನಕ್ಷತ್ರಗಳ ಅಳತೆಯನ್ನು ಒಪ್ಪಿಕೊಂಡರೆ, ಉಂಗುರದೊಳಗಿನ ಕಪ್ಪು ನೆರಳಿನ ಗಾತ್ರ ಸಾಪೇಕ್ಷತೆಯೊಂದಿಗೆ ಸುಮಾರು ಶೇ. 17ರ ಮಿತಿಯೊಳಗೆ ಹೊಂದುತ್ತದೆ. ಇದನ್ನು ಗೆಲುವೆನ್ನಲು ನನ್ನ ಅಡ್ಡಿಯಿಲ್ಲ, ಆದರೆ ಆ ಮಿತಿಯೊಳಗೆ ನುಸುಳಿ ಉಳಿಯಬಲ್ಲ ಪರ್ಯಾಯಗಳು ಇನ್ನೂ ಬಹಳಷ್ಟಿವೆ.

ದೇಶ-ಕಾಲದಲ್ಲೇ ಏಳುವ ಅಲೆಗಳಾದ ಗುರುತ್ವ ತರಂಗಗಳಲ್ಲಿ ಈ ಅನಿಲದ ಕಾಟವಿಲ್ಲ. 2017ರ ಆಗಸ್ಟ್ 17ರಂದು, 13 ಕೋಟಿ ಜ್ಯೋತಿರ್ವರ್ಷ ದೂರದ ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಿಂದ ಹೊರಟ ಗುರುತ್ವ ತರಂಗ ಮತ್ತು ಗಾಮಾ ಕಿರಣಗಳು ಕೇವಲ 1.7 ಸೆಕೆಂಡುಗಳ ಅಂತರದಲ್ಲಿ ತಲುಪಿದಾಗ, ಇವೆರಡರ ವೇಗ ಬೇರೆಯಿರಬೇಕೆಂದಿದ್ದ ಪರ್ಯಾಯ ಸಿದ್ಧಾಂತಗಳ ಒಂದು ದೊಡ್ಡ ಗುಂಪೇ ಬಿದ್ದುಹೋಯಿತು. ಕದಡಿದ ಕಪ್ಪುಕುಳಿಯು ತನ್ನದೇ ಆವರ್ತನಗಳಲ್ಲಿ ಕಂಪಿಸಿ ಗುರುತ್ವ ತರಂಗಗಳನ್ನು ಹೊಮ್ಮಿಸುತ್ತ ಶಾಂತವಾಗುತ್ತದೆಂದು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ 1970ರಲ್ಲೇ ತೋರಿಸಿದ್ದರು. ಸಾಪೇಕ್ಷತೆಯ ಪ್ರಕಾರ ಆ ಆವರ್ತನಗಳನ್ನು ನಿರ್ಧರಿಸುವುದು ಕಪ್ಪುಕುಳಿಯ ರಾಶಿ ಮತ್ತು ಭ್ರಮಣ ಮಾತ್ರವಾದ್ದರಿಂದ ಇದಕ್ಕಿಂತ ಸ್ವಚ್ಛವಾದ ಪರೀಕ್ಷೆ ಸಿಗುವುದು ಕಷ್ಟ.

ಹಾಗಿದ್ದರೆ ಸಕ್ರಿಯ ಗ್ಯಾಲಕ್ಸಿಗಳನ್ನು ಬಿಟ್ಟುಬಿಡಬಾರದೇಕೆ ಎಂಬ ಮರುಪ್ರಶ್ನೆಯೂ ಬರುತ್ತದೆ. ಗುರುತ್ವ ತರಂಗಗಳನ್ನು ಹಿಡಿಯುವ ಲೈಗೋ ಉಪಕರಣಕ್ಕೆ ಕೇಳಿಸುವುದು ಕೆಲವು ಹತ್ತು, ಹೆಚ್ಚೆಂದರೆ ಕೆಲವು ನೂರು ಸೂರ್ಯರಷ್ಟು ರಾಶಿಯ ಕಪ್ಪುಕುಳಿಗಳ ಡಿಕ್ಕಿ. ಎಂ87ರಲ್ಲಿರುವಂತಹ ದೈತ್ಯ ಕಪ್ಪುಕುಳಿ ಒಂಟಿಯಾಗಿದ್ದು ಇನ್ನೊಂದರೊಡನೆ ವಿಲೀನವಾಗದಿರುವಷ್ಟು ಕಾಲ, ಅದರ ಅಂಚಿನ ಗುರುತ್ವವನ್ನು ತಿಳಿಯಲು ನಮಗಿರುವುದು ಅದರ ಸುತ್ತಲಿನ ಅನಿಲ ಹೊಮ್ಮಿಸುವ ಬೆಳಕೊಂದೇ. ಹಾಗಾಗಿ ನನ್ನ ಕೆಲಸದ ಹೆಚ್ಚಿನ ಸಮಯ ಹೊಸ ಗುರುತ್ವ ಸಿದ್ಧಾಂತಗಳಿಗಿಂತ ಆ ಅನಿಲದ ಲೆಕ್ಕಾಚಾರಕ್ಕೇ ಹೋಗುತ್ತದೆ.